ಪಂಪಿನ ವಕೀಲ ಗುಂಡಪ್ಪ ಕಾಕಾ

ಕೆಟ್ಟ ಪಂಪಿಗೆ ಬೆನ್ನು ಹಾಕಿ ಕೂರುವ ಮೆಕ್ಯಾನಿಕ್ಕರಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಗುಂಡಪ್ಪ ಕಾಕಾ ನಮ್ಮ ಈಜುಕೊಳದ ಪಂಪ್ ರೂಮಿಗೆ ಬಂದರೆಂದರೆ ಮೊದಲು ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಟೊಪ್ಪಿಗೆ ತೆಗೆದು ಮೊಣಕಾಲಿಗೆ ಸಿಕ್ಕಿಸಿ, ಎದುರು ನಿಂತವರ ಮುಖಗಳನ್ನು ನಿಧಾನವಾಗಿ ನೋಡುತ್ತಿದ್ದರು. ಹಿಂದೆ ಪಂಪು ನೀರು ಸಿಗದೆ ಬೊಬ್ಬೆ ಹೊಡೆಯುತ್ತಿದ್ದರೂ ಅವರಿಗೆ ಅದರ ಪರಿವೆಯಿಲ್ಲ.

"ಯಾರ್ ಮುಟ್ಟಿದ್ರಿ ಇದಕ್ಕ?"

ಯಾರೂ ಮುಟ್ಟಿಲ್ಲ ಎಂದರೆ ಅವರು ನಂಬುತ್ತಿರಲಿಲ್ಲ. "ಪಂಪಿಂದೇನೂ ತಪ್ಪ ಇರೂದಿಲ್ಲರಿ ಅಕ್ಕೋರೆ. ಅದು ಪಾಪ, ಬಾಯಿ ಇಲ್ಲದ್ದು. ತಪ್ಪೆಲ್ಲ ಮಂದೀದೇ" ಎನ್ನುವರು. ಪಂಪಿನ ಪರವಾಗಿ ಅವರು ಮಾಡುತ್ತಿದ್ದ ವಾದ ಕೇಳಿದರೆ, ಅದನ್ನು ನಾವೆಲ್ಲ ಸೇರಿ ಹೊಡೆದು ಬಡಿದು ಹಾಳು ಮಾಡಿದ್ದೇವೇನೋ ಎಂದು ನನಗೇ ಅನುಮಾನ ಬರುತ್ತಿತ್ತು.

ಅವರು ಬೀದರ ಜಿಲ್ಲೆಯ ಔರಾದ ಕಡೆಯವರು. ನಾಸಿಕ್‌ನ ಅಂಬಡ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಬಿಟ್ಟ ಮೇಲೆ ಬಾಡಿಗೆ ಖೋಲಿಯ ಮುಂದೆಯೇ ಮೋಟಾರು ರಿಪೇರಿ ಶುರು ಮಾಡಿದ್ದರು. ನಾನು ಕಲಬುರಗಿಯವಳು, ಗಂಡನ ನೌಕರಿಯ ಹಿಂದೆ ಇಲ್ಲಿಗೆ ಬಂದವಳು. ಅವರನ್ನು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಕರೆಸಿದ್ದು ನಾನೇ. ಅವರ ಕೆಲಸ ನೋಡಿ ಕರೆಸಲಿಲ್ಲ, ಕನ್ನಡ ಕೇಳಿ ಕರೆಸಿದೆ. ಹೀಗಾಗಿ ಅವರು ಮಾಡಿದ ಪ್ರತಿ ಎಡವಟ್ಟಿಗೂ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಆ ಕೊಳದಲ್ಲಿ ಬೆಳಗಿನ ಒಂದು ತಾಸು ಹೆಂಗಸರಿಗೆಂದೇ ಇತ್ತು. ಅದನ್ನು ಪಡೆಯಲು ನಾನೂ ಪಕ್ಕದ ಮನೆಯ ಶೋಭಾತಾಯಿಯೂ ಕಮಿಟಿಯವರ ಜೊತೆ ಕಿತ್ತಾಡಿದ್ದು ಅಷ್ಟಿಷ್ಟಲ್ಲ. ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲು ಗೋಳಾಡುವ ನನ್ನ ಮೊಣಕಾಲು ನೀರಿನೊಳಗೆ ನನ್ನ ಮಾತು ಕೇಳುತ್ತಿತ್ತು. ಐವತ್ತರ ಹತ್ತಿರ ಬಂದು ತೇಲಲು ಕಲಿತಿದ್ದೆ. ಅಂಗಾತ ಮಲಗಿ ಆಕಾಶ ನೋಡುವಾಗ ಅಡುಗೆ, ಡಬ್ಬಿ, ಅತ್ತೆಯ ಮಾತ್ರೆ ಯಾವುದೂ ನೆನಪಿಗೆ ಬರುತ್ತಿರಲಿಲ್ಲ. ಆದರೆ ಚೇರ್‌ಮನ್‌ರಿಗೆ ಕೊಳವನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುವ ಆಸೆ. ಪಂಪು ಕೆಟ್ಟಾಗಲೆಲ್ಲ ನೀರು ಹಸಿರಾಗುತ್ತಿತ್ತು, ಅವರ ಮುಖ ಅರಳುತ್ತಿತ್ತು.

ಆ ಬೇಸಿಗೆಯಲ್ಲಿ ಪಂಪು ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಬೆಳಿಗ್ಗೆ ಸರಿಯಾಗಿ ನಡೆದದ್ದು ಸಂಜೆಯ ಹೊತ್ತಿಗೆ ನೀರಿನ ಬದಲು ಗಾಳಿ ಎಳೆಯುತ್ತಿತ್ತು. ಕಾಕಾ ಬರುವರು, ವಾಚ್‌ಮನ್ನನ್ನು ಬೈಯುವರು, ಸೀಲ್ ಬದಲಿಸುವರು. ಮತ್ತೆ ಬರುವರು, ಮಕ್ಕಳನ್ನು ಬೈಯುವರು, ಪೈಪಿನ ಜೋಡಣೆ ಬಿಚ್ಚಿ ಕಟ್ಟುವರು. ಒಮ್ಮೆಯಂತೂ ಹೆಂಗಸರ ತಲೆಗೂದಲೇ ಇದಕ್ಕೆಲ್ಲ ಮೂಲ ಎಂದು ಶೋಭಾತಾಯಿಯ ಎದುರಿಗೇ ಹೇಳಿದರು. ಅವರಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಪ್ರತಿ ರಿಪೇರಿಯ ಕೊನೆಗೆ ಅವರದೊಂದು ಪೂಜೆ ಇರುತ್ತಿತ್ತು. ಪಂಪಿನ ಮುಚ್ಚಳ ಹಾಕುವ ಮೊದಲು ಅದಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಪಂಪಿನ ಮೇಲೆಯೇ ತೆಂಗಿನಕಾಯಿ ಹಿಡಿದು ಸ್ಪ್ಯಾನರಿನಿಂದ ಒಡೆಯುವರು. ಕಾಯಿಯ ನೀರನ್ನು ಪಂಪಿನ ತೆರೆದ ಬಾಯಿಗೆ ಚಿಮುಕಿಸುವರು. "ಮುಚ್ಚಿದ ಮ್ಯಾಲ ಮಾಡಿದ್ರ ಒಳಗ ಹ್ಯಾಂಗ ಮುಟ್ಟತದರಿ?" ಎಂದು ನನ್ನನ್ನೇ ಕೇಳುವರು. ಆಮೇಲೆ ಮುಚ್ಚಳ ಬಿಗಿದು, ಎಲ್ಲರ ಕೈಗೂ ಕೊಬ್ಬರಿ ಚೂರು ಕೊಟ್ಟು ಹೋಗುವರು.

ಒಂದು ಸಂಜೆ ಪಂಪು ಮತ್ತೆ ಗಾಳಿ ಎಳೆಯತೊಡಗಿದಾಗ ನನ್ನ ತಾಳ್ಮೆ ಕೆಟ್ಟಿತು. ಅವರು ಬರುವವರೆಗೂ ಕಾಯದೆ ಸ್ವಿಚ್ ಆರಿಸಿ ಮುಚ್ಚಳವನ್ನು ನಾನೇ ತಿರುಗಿಸಿ ತೆಗೆದೆ. ಕೆಳಗಿನ ರಬ್ಬರ್ ರಿಂಗಿಗೆ ಅಡ್ಡಲಾಗಿ ತೆಂಗಿನ ನಾರೊಂದು ಅಂಟಿಕೊಂಡಿತ್ತು. ಅಷ್ಟು ಸಂದು ಸಾಕು, ಗಾಳಿ ನುಗ್ಗಲು. ಒಳಗಿನ ಜಾಲರಿ ಬುಟ್ಟಿಯಲ್ಲಿ ಇನ್ನಷ್ಟು ನಾರು, ಕಾಯಿಚಿಪ್ಪಿನ ಪುಡಿ. ಬೇಸಿಗೆಯುದ್ದಕ್ಕೂ ನಾವು ಹುಡುಕಿದ ರೋಗವನ್ನು ಅವರೇ ಪ್ರತಿಸಲ ಪೂಜೆ ಮಾಡಿ ಒಳಗೆ ಕೂರಿಸಿ ಹೋಗುತ್ತಿದ್ದರು!

ಕಾಕಾ ಬಂದ ಕೂಡಲೇ ನಾರನ್ನು ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಇದು ನಮ್ಮ ಕಾಯೀದಲ್ಲ ಅನಸ್ತದ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮತ್ಯಾರದು ಕಾಕಾ? ಚೇರ್‌ಮನ್ ಬಂದು ಒಡದ್ರೇನು?" ಎಂದು ರೇಗಿದೆ. ಅವರು ರಿಂಗು ಒರೆಸಿ ಮುಚ್ಚಳ ಹಾಕಿ ಹೊರಟುಹೋದರು.

ಮುಂದಿನ ಕಮಿಟಿ ಸಭೆಯಲ್ಲಿ ಚೇರ್‌ಮನ್ ಎದ್ದು, ಬೆಳಗಿನ ಹೆಂಗಸರ ಗುಂಪಿನ ಕೂದಲಿನಿಂದಲೇ ಪಂಪು ಕೆಡುತ್ತಿದೆ, ಮೆಕ್ಯಾನಿಕ್ಕೇ ವಾಚ್‌ಮನ್ನನಿಗೆ ಹೇಳಿದ್ದಾನೆ, ಅವರ ತಾಸು ರದ್ದಾಗಲಿ ಎಂದರು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಕಾಕಾ! ಅವರನ್ನು ಯಾರೂ ಕರೆದಿರಲಿಲ್ಲ.

"ಸಾಹೇಬ, ಚೂಕ್ ಮಾಝೀ ಆಹೆ" ಎಂದರು ಮರಾಠಿಯಲ್ಲಿ. ತಪ್ಪು ನನ್ನದು. ಕಾಯಿ ಒಡೆದದ್ದು, ನಾರು ಸಿಕ್ಕಿದ್ದು, ಹೆಂಗಸರ ಮೇಲೆ ಸುಮ್ಮನೆ ಹಾಕಿದ್ದು ಎಲ್ಲವನ್ನೂ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ನಮ್ಮ ತಾಸು ಉಳಿಯಿತು. ಕಾಕಾಗೆ ಮಾತ್ರ ಕಮಿಟಿಯವರು ಇನ್ನು ಈ ಗೇಟಿನೊಳಗೆ ಬರಬೇಡಿ ಎಂದರು. ಸುದ್ದಿ ಅಕ್ಕಪಕ್ಕದ ಸೊಸೈಟಿಗಳಿಗೂ ಹರಡಿ, ಅಲ್ಲಿಯ ಕೆಲಸವೂ ಹೋಯಿತು. ಕೆಲವು ತಿಂಗಳಲ್ಲಿ ಅವರು ಅಂಗಡಿ ಮುಚ್ಚಿ ಸಂಭಾಜಿನಗರದ ಮಗಳ ಮನೆ ಸೇರಿದರು.

ಹೊಸದಾಗಿ ಗೊತ್ತು ಮಾಡಿದ ಕಂಪನಿಯವರು ಕರೆದಾಗ ಬರುತ್ತಿರಲಿಲ್ಲ. ಹಾಗಾಗಿ ಪಂಪು ಮುನಿಸಿಕೊಂಡಾಗಲೆಲ್ಲ ನಾನು ಕಾಕಾಗೆ ಫೋನ್ ಹಚ್ಚುತ್ತಿದ್ದೆ. ಕಳೆದ ಚೈತ್ರದಲ್ಲಿ ಒಂದು ಸಂಜೆ ನೀರಿನ ಜೋರು ಕಡಿಮೆಯಾಯಿತು. "ಮೊದಲ ಪಂಪ್ ಆರಿಸಿ, ಪೈಪಿನ ವಾಲ್ವ್ ಬಂದ್ ಮಾಡ್ರಿ, ಇಲ್ಲಂದ್ರ ಪೈಪಿನಾಗಿನ ನೀರು ಹಿಂದಕ್ಕ ಹೋಗ್ತದ. ಆಮ್ಯಾಲ ಬುಟ್ಟಿ ತೊಳದು ಮುಚ್ಚಳ ಹಾಕ್ರಿ. ಮುಂಜಾನಿ ಚಾಲೂ ಮಾಡ್ರಿ" ಎಂದರು. ದನಿ ಸ್ವಲ್ಪ ಸೋತಿತ್ತು. ಚಾಚೂ ತಪ್ಪದೆ ಹಾಗೆಯೇ ಮಾಡಿದೆ.

ಬೆಳಿಗ್ಗೆ ಸ್ವಿಚ್ ಹಾಕಿದರೆ ಪಂಪು ಕರ್ಕಶವಾಗಿ ಕಿರುಚಿತು. ಒಂದು ಹನಿ ನೀರಿಲ್ಲ. ಹೆಂಗಸರೆಲ್ಲ ಟವೆಲ್ ಹೊದ್ದು ದಂಡೆಯಲ್ಲಿ ನಿಂತಿದ್ದರು. ಮೇಲಿನ ಗ್ಯಾಲರಿಯಲ್ಲಿ ಚೇರ್‌ಮನ್ ಚಹಾ ಹೀರುತ್ತ ನೋಡುತ್ತಿದ್ದರು. ಪಂಪ್ ಆರಿಸಿ, ಸರಿಯಾಗಿ ಬೈದೇ ಬಿಡಬೇಕೆಂದು ಫೋನ್ ಮಾಡಿದೆ. ಎತ್ತಿದ್ದು ಮಗಳು. ನಾನು ಯಾರೆಂದು ಹೇಳುತ್ತಲೇ, "ಬಾಬಾ ಗೇಲೆ, ಅಕ್ಕಾ" ಎಂದಳು. ಬೆಳಗಾಗುವುದರೊಳಗೆ ಕಾಕಾ ಹೋಗಿಬಿಟ್ಟಿದ್ದರು, ನಿದ್ದೆಯಲ್ಲಿಯೇ.

ಅವಳು ತಡವರಿಸುವ ಕನ್ನಡದಲ್ಲಿ ಮುಂದುವರಿಸಿದಳು. "ರಾತ್ರಿ ಜೇವಣ... ಊಟ ಮಾಡೋವಾಗ ನೆನಪ ಆತು ಅವರಿಗೆ. 'ಅಕ್ಕೋರಿಗಿ ವಾಲ್ವ್ ಬಂದ್ ಮಾಡ್ರಿ ಅಂದೆ, ಮತ್ತ ತೆಗೀರಿ ಅಂತ ಹೇಳಲೇ ಇಲ್ಲ, ನಂದೇ ತಪ್ಪಾತು' ಅಂದ್ರು. ಇಷ್ಟು ಹೊತ್ತಿಗೆ ಮಲಗಿರ್ತಾರ, ಬೆಳಗ ಫೋನ್ ಮಾಡಬೇಕು ಅಂದ್ರು."

ಬಗ್ಗಿ ವಾಲ್ವ್ ತಿರುಗಿಸಿದೆ, ಸ್ವಿಚ್ ಹಾಕಿದೆ. ಪಂಪು ಒಮ್ಮೆ ಗೊಣಗಿ ನೀರು ಹಿಡಿಯಿತು. ಹೊರಗೆ ಹೆಂಗಸರು ಹೋ ಎಂದು ಕೂಗಿ ಕೊಳಕ್ಕೆ ಇಳಿದರು. ಶೋಭಾತಾಯಿ ಬಾಗಿಲಲ್ಲಿ ಇಣುಕಿ, ಕಾಕಾ ಏನೆಂದರು ಎಂದು ಕೇಳಿದರು. ಬೈಯಲೆಂದು ಬಾಯಿಗೆ ತಂದುಕೊಂಡಿದ್ದ ಮಾತೆಲ್ಲ ಹಾಗೆಯೇ ಉಳಿದಿತ್ತು. ನಾನು ಪಂಪಿನ ಪಕ್ಕ ಕುಳಿತು ಅಳತೊಡಗಿದೆ.