ಹಿಂದಿನ ಪುಟದಿಂದ ಓದುವ ಊರು

ಮರ್ವಿನ್ ಹಾಲ್‌ಗ್ರೆನ್ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಬಲಗೈಯ ತೋರುಬೆರಳು. ಆ ಬೆರಳು ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ರೈಲು ಹಳಿ ಹಾಸಿತು, ಎರಡು ಯುದ್ಧ ಗೆದ್ದಿತು, ಮೂವರು ಪ್ರಧಾನಿಗಳನ್ನು ಕುರ್ಚಿಯಿಂದ ಇಳಿಸಿತು. ಮೈನಸ್ ನಲವತ್ತರ ಚಳಿಗೆ ಲಾರಿಗಳೇ ಸ್ಟಾರ್ಟ್ ಆಗದ ಬೆಳಿಗ್ಗೆಯೂ ಅವನ ಮನೆಯಿಂದ ಟಕ್, ಟಕ್ ಎಂದು ಕೇಳುತ್ತಿತ್ತು. ಕೆನಡಾ ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ ಎಂದು ನಮ್ಮ ಎಲ್ಡರ್‌ಬೆಂಡಿನ ಜನ ತಿಳಿದುಕೊಳ್ಳುತ್ತಿದ್ದರು.

ಮೂವತ್ತು ವರ್ಷದಲ್ಲಿ ದೇಶದ ಚರಿತ್ರೆಯ ಮೇಲೆ ಏಳು ಪುಸ್ತಕ. ಟೊರಾಂಟೊದವರು ಕೊಂಡು ಓದಿದರು. ಪ್ರೊಫೆಸರುಗಳು "ಇದು ಚರಿತ್ರೆಯಲ್ಲ, ಕಥೆ" ಎಂದು ಬೈದರು; ಬೈಯುವುದಕ್ಕಾದರೂ ಓದಿದರು. ಓದದೆ ಉಳಿದದ್ದು ನಮ್ಮೂರು ಮಾತ್ರ. ಮರ್ವಿನ್ನನ ಹೊಟ್ಟೆಯಲ್ಲಿ ಆರದೆ ಉಳಿದ ಕೆಂಡ ಅದು.

ಈ ಸಲ ಹಟ ಹಿಡಿದ. ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಸೇರುವ ಟರ್ಕಿ ಕೋಳಿಯ ಊಟದ ದಿನ, ಸಭಾಭವನದ ಬಾಗಿಲ ಪಕ್ಕ ಮೇಜು ಹಾಕಿ, ರೈಲಿನ ಮೇಲಿನ ಹೊಸ ಪುಸ್ತಕ ಜೋಡಿಸಿ ನಿಂತ. ಊಟದ ಸಾಲು ಅವನ ಮುಂದೆಯೇ ಹಾದುಹೋಗಬೇಕು. ಶತ್ರುವನ್ನು ಕಣಿವೆಯಲ್ಲಿ ತಡೆಯುವ ಸೇನಾಪತಿಯ ತಂತ್ರ!

ಶತ್ರುಗಳು ಪುಸ್ತಕ ಎತ್ತಿಕೊಂಡರು. ಎಲ್ಲರೂ ಸೀದಾ ಕೊನೆಯ ಪುಟಗಳನ್ನೇ ತೆರೆದರು. ಅಲ್ಲಿನ ಹೆಸರುಗಳ ಪಟ್ಟಿಯಲ್ಲಿ ತಮ್ಮ ಮನೆತನದ ಹೆಸರು ಹುಡುಕಿ, ಕಾಣದೆ, ಮೆಲ್ಲಗೆ ಮುಚ್ಚಿಟ್ಟರು.

"ಸಾರಿ ಮರ್ವಿನ್, ಒಳ್ಳೇ ದಪ್ಪ ಇದೆ," ಎಂದ ಅಂಚೆ ಕಚೇರಿಯ ಕ್ಲಿಫ್.

"ಮುಂದಿನಿಂದ ಓದ್ರಯ್ಯಾ! ಇದೇನು ಟೆಲಿಫೋನ್ ಡೈರೆಕ್ಟರಿನಾ?"

"ಅದ್ರಲ್ಲಾದ್ರೆ ನನ್ನ ಹೆಸರಿದೆ."

ಅಷ್ಟರಲ್ಲಿ ಒಲ್ಗಾ ಹ್ರಿಟ್ಸಾಕ್ ಸೌಟು ಹಿಡಿದೇ ಬಂದಳು. ಮರ್ವಿನ್ನನ ಜೊತೆ ಶಾಲೆಗೆ ಹೋದವಳು, ಈಗ ಈ ಭವನದ ಅಡುಗೆಮನೆಯ ಮಹಾರಾಣಿ. ಅವಳು ಓದಿದ್ದನ್ನು ಅಡುಗೆಮನೆ ಓದುತ್ತದೆ, ಅಡುಗೆಮನೆ ಓದಿದ್ದನ್ನು ಊರು ಓದುತ್ತದೆ. ಅವಳೂ ಹಿಂದಿನ ಪುಟವನ್ನೇ ತೆರೆದಳು.

"ನಮ್ಮ ತಾತ ಎಲ್ಲೋ? ಆ ಹಳಿ ಹಾಕಿದೋನು ಅವನೇ."

"ದಾಖಲೆಯಲ್ಲಿಲ್ಲ ಕಣೇ."

"ದಾಖಲೆಗೇನು ಗೊತ್ತು? ಮೂರೇ ದಿನ ದುಡಿದು, ಬೂಷ್ಟು ಹಿಡಿದ ಬ್ರೆಡ್ಡನ್ನ ಮೇಸ್ತ್ರಿ ಮುಖಕ್ಕೆ ಎಸೆದು, ನಡ್ಕೊಂಡು ಈ ಊರಿಗೆ ಬಂದ. ನನ್ನ ಕೇಳಿದ್ರೆ ಹೇಳ್ತಿದ್ದೆ."

ಮರ್ವಿನ್ ಹಲ್ಲು ಕಡಿದ. ಈ ಒಂದು ಪುಸ್ತಕದ ಹಿಂದಿನ ಹನ್ನೆರಡು ವರ್ಷದ ತಪಸ್ಸು ಒಂದು ತುಂಡು ಬ್ರೆಡ್ಡಿನ ಮುಂದೆ ಸೋಲುತ್ತಿತ್ತು.

"ಒಂದೇ ಒಂದು ಅಧ್ಯಾಯ ಓದೇ, ಒಲ್ಗಾ."

"ಪೂರ್ತಿ ಓದ್ತೀನಿ, ಎಲ್ಲರ ಕೈಲೂ ಓದಿಸ್ತೀನಿ. ಆದ್ರೆ ಒಂದು ಷರತ್ತು. ನಾವು ಮಾಡ್ತಿರೋ ಊರ ಪುಸ್ತಕಕ್ಕೆ ಪ್ರತಿ ಮನೆಯಿಂದಲೂ ಹಿರೀಕರ ಬಗ್ಗೆ ಒಂದೊಂದು ಪುಟ ಬಂತು, ನಿಮ್ಮನೇದು ಬಿಟ್ಟು! ಎರಡು ವರ್ಷದಿಂದ ಕೇಳ್ತಿದ್ದೀನಿ. ನಿಮ್ಮ ತಾತ ಸ್ವೀಡನ್ ಬಿಟ್ಟು ಈ ಹಿಮಕ್ಕೆ ಯಾಕೆ ಬಂದ? ನಿನಗೇನು ಮಹಾ, ಬಾಯಲ್ಲೇ ಹೇಳು, ಬರ್ಕೋತೀನಿ."

ಏಪ್ರನ್ ಜೇಬಿನಿಂದ ಪೆನ್ಸಿಲ್ ಹೊರಬಂತು. ಸಾಲು ನಿಂತಿತು. ತಟ್ಟೆ ಹಿಡಿದವರೆಲ್ಲ ಕಿವಿಯಾದರು. ಇಡೀ ದೇಶದ ಚರಿತ್ರಕಾರ ತನ್ನದೇ ಪುಸ್ತಕದ ಕೊನೆಯ ಪುಟ ತೆರೆದು, ಮುಚ್ಚಿಟ್ಟ.

"ಗೊತ್ತಿಲ್ಲ," ಎಂದ. "ಅವನು ಬದುಕಿದ್ದಾಗ ನಾನು ಕೇಳಲೇ ಇಲ್ಲ."