ಎರಡು ಸಲ ಕಟ್ಟಿದ ಶೆಗಡಿ

ಡೊಂಬಿವಲಿಯ ನಮ್ಮ ಚಾಳಿನ ಹಿತ್ತಿಲಲ್ಲಿ, ಬಾವಿಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಒಂದಿಷ್ಟು ಖಾಲಿ ಜಾಗವಿತ್ತು. ಸಂಜೆಯಾದರೆ ಅಲ್ಲಿ ಐದಾರು ಶೆಗಡಿಗಳು ಹೊತ್ತಿಕೊಳ್ಳುತ್ತಿದ್ದವು. ತಗಡಿನ ಬಕೆಟ್ಟಿನ ಒಳಮೈಗೆ ದಪ್ಪಗೆ ಮಣ್ಣು ಮೆತ್ತಿ, ನಡುವೆ ಕಬ್ಬಿಣದ ಜಾಳಿ ಕೂರಿಸಿ, ಗಾಳಿ ಆಡಲು ಕೆಳಗೊಂದು ಬಾಯಿ ಕೊರೆದ ಇದ್ದಿಲೊಲೆ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು ನಿಜ, ಆದರೆ ಗ್ಯಾಸ್ ಬಂದ ಮನೆಯವರೂ ಶೆಗಡಿಯನ್ನು ಬಿಟ್ಟಿರಲಿಲ್ಲ. ಬದನೆಕಾಯಿ ಸುಡಲು, ಮೆಕ್ಕೆಜೋಳ ಸುಡಲು, ಹಪ್ಪಳ ಸುಡಲು ಅದೇ ಆಗಬೇಕು. ಯಾರದು ಬೇಗ ಕೆಂಡ ಹಿಡಿಯುತ್ತದೆ, ಯಾರದು ಹೆಚ್ಚು ಹೊತ್ತು ಬಿಸಿ ಉಳಿಸಿಕೊಳ್ಳುತ್ತದೆ ಎಂದು ಹೆಂಗಸರು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಒಂದು ಬಕೆಟ್ಟಿನ ಬಗ್ಗೆ ಇಷ್ಟು ಜಂಬವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಥಾಣೆಯ ಆಫೀಸಿಗೆ ಓಡುವವಳು ನಾನು. ನನ್ನ ಅಡುಗೆಯೆಲ್ಲ ಸೀಮೆಎಣ್ಣೆಯ ಸ್ಟೋವಿನ ಮೇಲೆ.

ನನ್ನ ನಗು ನಿಂತದ್ದು ಅತ್ತೆ ಬಂದ ಮೇಲೆ.

ನಾನು ಉಡುಪಿ ಕಡೆಯವಳು, ಗಂಡ ವಿಜಾಪುರ ಕಡೆಯವರು. ಒಂದೇ ಆಫೀಸಿನಲ್ಲಿದ್ದು, ಒಂದೇ ಲೋಕಲ್ಲಿನಲ್ಲಿ ನೇತಾಡಿ, ನಾವೇ ನಿಶ್ಚಯಿಸಿಕೊಂಡ ಮದುವೆ. ಮಾವ ತೀರಿಕೊಂಡ ವರ್ಷ ಅತ್ತೆ ಒಂದು ಟ್ರಂಕಿನೊಂದಿಗೆ ನಮ್ಮಲ್ಲಿಗೆ ಬಂದರು. ಅವರನ್ನು ಚೆನ್ನಾಗಿ ನೋಡಿಕೊಂಡು ಈ ಮದುವೆಗೆ ಮೂಗು ಮುರಿದ ಎಲ್ಲರ ಬಾಯಿ ಮುಚ್ಚಿಸಬೇಕು ಎಂದು ನನಗೆ ಹಟವಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಅನ್ನ, ಸಾರು, ಪಲ್ಯ ಎಲ್ಲ ಮಾಡಿಟ್ಟು ಹೋಗುತ್ತಿದ್ದೆ. ಅವರು ಈಳಿಗೆ ಮಣೆಗೆ ಕೈ ಹಾಕಿದರೆ ಸಾಕು, "ನೀವು ಸುಮ್ಮನೆ ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೇನೆ" ಎನ್ನುತ್ತಿದ್ದೆ. ಅವರು ಹೋಗಿ ಕಿಟಕಿಯ ಪಕ್ಕ ಕೂರುತ್ತಿದ್ದರು.

ಆದರೆ ಅವರು ಉಣ್ಣುತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಪಾತ್ರೆಯಲ್ಲಿ ಇಟ್ಟದ್ದು ಇಟ್ಟಹಾಗೆ ಇರುತ್ತಿತ್ತು. ಎರಡು ತುತ್ತು ಮೊಸರನ್ನ, ಒಂದು ಲೋಟ ಚಹಾ, ಅಷ್ಟೇ. ಐದು ತಿಂಗಳಲ್ಲಿ ರವಿಕೆಯ ತೋಳು ಜೋತುಬೀಳುವಷ್ಟು ಸೊರಗಿದರು. ಗಂಡನನ್ನು ಕೇಳಿದರೆ, "ಅವ್ವಗ ಚಿಮಣಿ ಎಣ್ಣಿ ವಾಸನಿ ಆಗಂಗಿಲ್ಲ" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಒಂದು ದಿನ ಸೊಲ್ಲಾಪುರದಿಂದ ಗಂಡನ ಅಣ್ಣನ, ಅಂದರೆ ಭಾವನ, ಪತ್ರ ಬಂತು. ಬಂದು ಕರೆದುಕೊಂಡು ಹೋಗು ಎಂದು ಅತ್ತೆಯೇ ಅವರಿಗೆ ಬರೆಸಿದ್ದರಂತೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಎಂದಿತ್ತು.

ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು. ನನ್ನ ಕೈಯಡುಗೆ ಸೇರದೆ ಅತ್ತೆ ಮನೆ ಬಿಟ್ಟರು ಎಂದರೆ ನಾನು ಯಾರಿಗೆ ಮುಖ ತೋರಿಸಲಿ? ಜನರ ಮಾತು ಹಾಗಿರಲಿ, ಕಿಟಕಿಯ ಪಕ್ಕ ಕೂತ ಆ ಸಣ್ಣ ಬೆನ್ನನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ಸೀಮೆಎಣ್ಣೆಯೇ ತೊಂದರೆ ಎಂದಾದರೆ ನಾನೂ ಒಂದು ಶೆಗಡಿ ಮಾಡುತ್ತೇನೆ, ಜೋಳದ ರೊಟ್ಟಿಯನ್ನು ಕೆಂಡದಲ್ಲೇ ಉಬ್ಬಿಸಿ ಕೊಡುತ್ತೇನೆ ಎಂದು ನಿಶ್ಚಯಿಸಿದೆ.

ಕೊಳ್ಳಬಹುದಿತ್ತು. ನಾನು ಯಾರು, ಕೊಳ್ಳುವವಳೇ! ನಮ್ಮಮ್ಮ ಹೊಳೆದಡದ ಮಣ್ಣು ತಂದು ಒಲೆ ಹಾಕುವುದನ್ನು ನೋಡಿ ಬೆಳೆದವಳು. ಶನಿವಾರ ಅರ್ಧ ದಿನ ಆಫೀಸು ಮುಗಿಸಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ದಡಕ್ಕೆ ಹೋಗಿ, ಬೆಣ್ಣೆಯಂಥ ಕಪ್ಪು ಮಣ್ಣನ್ನು ಚೀಲ ತುಂಬ ತಂದೆ. ಹಳೆಯ ಬಕೆಟ್ಟಿಗೆ ಮೆತ್ತಿ, ಬಿಸಿಲಿನಲ್ಲಿ ಒಣಗಿಸಿ, ಭಾನುವಾರ ಮಧ್ಯಾಹ್ನ ಹಿತ್ತಿಲಿನವರೆಲ್ಲ ನೋಡುತ್ತಿರುವಾಗ ಇದ್ದಿಲು ತುಂಬಿ ಬೆಂಕಿ ಹಾಕಿದೆ. ಹತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಬಿರುಕು ಬಿಡತೊಡಗಿತು. ಕಡೆಗೆ ಡಬ್ಬೆಂದು ಒಂದು ಕಡೆಯ ಮಣ್ಣು ಪೂರಾ ಕಳಚಿ ಬಿದ್ದು, ಬೂದಿ ಹಾರಿ, ಪಕ್ಕದ ಮನೆಯ ಮರಾಠಿ ಹೆಂಗಸು ಕಾಕು ಒಣಹಾಕಿದ್ದ ಸೀರೆಯ ಮೇಲೆ ಕೂತಿತು.

"ಅಗ ವೇಡೇ, ಖಾಡೀಚಿ ಮಾತಿ?" ಎಂದು ಕಾಕು ಹಣೆ ಚಚ್ಚಿಕೊಂಡರು. ಖಾಡಿಯ ಮಣ್ಣನ್ನು ಯಾರಾದರೂ ಶೆಗಡಿಗೆ ಹಾಕುತ್ತಾರೆಯೇ ಹುಚ್ಚಿ, ಎಂದು. ಅವರದು ಹಿತ್ತಿಲಿಗೇ ಹೆಸರಾದ ಶೆಗಡಿ. ಹಾಗಾಗಿ ಅವರಿಗೆ ಬೈಯುವ ಹಕ್ಕಿತ್ತು. ನನಗೆ ಸಿಟ್ಟು ತಂದದ್ದು ಅದಲ್ಲ. ಹಿಂಬಾಗಿಲಲ್ಲಿ ನಿಂತಿದ್ದ ಅತ್ತೆ ನಗುತ್ತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಗಿ, ನಗಿ. ನಿಮಗಾಗಿಯೇ ಮಾಡಿದ್ದು" ಎಂದು ನಾನು ಸಿಡುಕಿದೆ.

ಅವರ ನಗು ನಿಂತಿತು. ಮೆಟ್ಟಿಲಿಳಿದು ಬಂದು, ಒಡೆದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ನಾಲಿಗೆಗೆ ಹಚ್ಚಿ ನೋಡಿದರು. "ಉಪ್ಪು ಐತಿ ಇದರಾಗ. ಇದಕ್ಕ ಹೊಟ್ಟು ಹಾಕಿಲ್ಲ, ನೆರಳಾಗ ಒಣಗಿಸಿಲ್ಲ. ಒಡೀದ ಏನ್ ಮಾಡ್ತದ?" ಎಂದರು. ಐದು ತಿಂಗಳಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದೂ ಅದೇ ಮೊದಲು.

ಮರುದಿನ ನಾನು ರಜೆ ಹಾಕಿದೆ. ಹುತ್ತದ ಮಣ್ಣು ಎಲ್ಲಕ್ಕಿಂತ ಒಳ್ಳೆಯದು ಎಂದರು ಅತ್ತೆ. ನಾಗನ ಹುತ್ತಕ್ಕೆ ಕೈ ಹಾಕುವುದುಂಟೇ ಎಂದು ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಕೊನೆಗೆ ರೈಲು ಹಳಿ ದಾಟಿ, ಹೊಲದ ಬದುವಿನಿಂದ ಕೆಂಪು ಮಣ್ಣು ತಂದೆವು. ಕಾಕು ತಾವೂ ಬಂದು ಸೇರಿಕೊಂಡು, ಕುದುರೆ ಲದ್ದಿ ಬೆರೆಸದಿದ್ದರೆ ಮಣ್ಣಿಗೆ ಹಿಡಿತ ಬರುವುದಿಲ್ಲ ಎಂದು ಸಾರಿದರು. ಸರಿ, ಸ್ಟೇಷನ್ನಿನ ಟಾಂಗಾ ನಿಲ್ಲುವ ಕಡೆ ಹೋಗಿ, ಆಫೀಸಿಗೆ ಹೋಗುವಾಗ ಉಡುವ ಸೀರೆಯಲ್ಲೇ ನಾನು ಲದ್ದಿ ಆರಿಸಿದೆ. ಗುರುತಿನವರು ಯಾರೂ ಸಿಗದಿರಲಿ ಎಂದು ಹೊತ್ತ ಹರಕೆಯನ್ನು ಆಮೇಲೆ ತೀರಿಸಿದೆನೋ ಇಲ್ಲವೋ ನೆನಪಿಲ್ಲ.

ಅತ್ತೆ ಸೀರೆ ಎತ್ತಿಕಟ್ಟಿ ಮಣ್ಣು ತುಳಿಯಲು ನಿಂತರು. ಬೆವರು ಇಳಿಯುತ್ತಿತ್ತು, ಸೊಂಟಕ್ಕೆ ಕೈ ಕೊಟ್ಟುಕೊಂಡಿದ್ದರು. ನೋಡಲಾರದೆ ನಾನು ಎಂದಿನಂತೆ, "ನೀವು ಸುಮ್ಮನೆ ಕೂತ್ಕೊಳ್ಳಿ ಅತ್ತೆ" ಎಂದೆ.

ಅವರು ತುಳಿಯುವುದನ್ನು ನಿಲ್ಲಿಸಿದರು. ಮುಖ ಕೆಂಪಾಯಿತು.

"ಐದು ತಿಂಗಳಾತು. ದಿನಾ ಮುಂಜಾನೆ ಎದ್ದರ ಸುಮ್ನ ಕೂಡು, ಸುಮ್ನ ಕೂಡು! ನಾ ಏನ್ ಅಷ್ಟ ಬಾಯಿ ಮಾಡ್ತೀನೇನ್ ಈ ಮನ್ಯಾಗ? ಬಾಯಿ ಮುಚ್ಕೊ ಅಂದಾಕಿ ಕೈಯಾಗಿನ ತುತ್ತು ಹೆಂಗ ಇಳೀಬೇಕು ಗಂಟಲದಾಗ?"

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆರಾಮವಾಗಿರಿ, ಕೆಲಸ ಮಾಡಬೇಡಿ ಎಂದು ಪ್ರೀತಿಯಿಂದ ನಾನು ದಿನವೂ ಹೇಳಿದ ಮಾತು ಅವರ ವಿಜಾಪುರದ ಕಿವಿಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರು ಎಂದಾಗುತ್ತಿತ್ತು. ಗಂಡ ಸತ್ತು, ಊರು ಬಿಟ್ಟು ಬಂದ ಹೆಂಗಸಿಗೆ ಪ್ರತಿ ದಿನ ನಾನು ಹಾಗೆ ಹೇಳಿ ಆಫೀಸಿಗೆ ಹೋಗಿದ್ದೆ. ಸೀಮೆಎಣ್ಣೆಯನ್ನು ಸುಮ್ಮನೆ ಶಪಿಸಿದ್ದೆ. ಹೇಗೋ ತಡವರಿಸುತ್ತ ಅದನ್ನೆಲ್ಲ ಹೇಳಿದೆ.

ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡರು. "ಹಂಗಂದ್ರ, ಆರಾಮ ಕೂಡ್ರಿ ಅಂತ ಅಂದಂಗ?"

"ಹೌದು ಅತ್ತೆ. ನಮ್ಮಲ್ಲಿ ಹಾಗೇ ಹೇಳುವುದು."

"ಹಂಗಂತ ಅನ್ನಾಕ ಏನಾಗಿತ್ತ ನಿನಗ, ಹುಚ್ಚಿ?" ಎಂದು ಮಣ್ಣಿನ ಕೈಯಲ್ಲೇ ನನ್ನ ತಲೆಗೊಂದು ಮೊಟಕಿದರು. ಮತ್ತೆ ತುಳಿಯತೊಡಗಿದರು. ಈ ಸಲ ನಾನೂ ಇಳಿದೆ.

ಬಕೆಟ್ಟಿಗೆ ಮೆತ್ತಿದ ಮಣ್ಣು ನೆರಳಿನಲ್ಲಿ ಹನ್ನೆರಡು ದಿನ ಒಣಗಿತು. ದಿನವೂ ಸಂಜೆ ಲೋಕಲ್ಲಿನಿಂದ ಇಳಿದವಳೇ ಹಿತ್ತಿಲಿಗೆ ಓಡಿ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದೆ. ಹಿತ್ತಿಲಿನ ಹೆಂಗಸರ ಚರ್ಚೆಯಲ್ಲಿ ನನ್ನದೂ ಒಂದು ದನಿ ಸೇರಿತು. ಶೆಗಡಿಯ ಬಾಯಿ ಎರಡು ಬೆರಳು ಅಗಲ ಇದ್ದರೇ ಗಾಳಿ ಚೆನ್ನಾಗಿ ಆಡುತ್ತದೆ ಎಂದು ಕಾಕುವಿನೊಡನೆ ನಾನೇ ಜಗಳಕ್ಕೆ ನಿಂತೆ. ಶನಿವಾರ ತೆಂಗಿನ ಸಿಪ್ಪೆ, ಕಾಗದದ ಸಣ್ಣ ಉರಿ ಹಾಕಿ ಹದ ಮಾಡಿದೆವು. ಒಂದು ಕೂದಲಿನಷ್ಟೂ ಬಿರುಕು ಬಿಡಲಿಲ್ಲ. ಆದರೆ ಮರುದಿನವೇ ಭಾವ ಬರುವ ಭಾನುವಾರ. ಬರಬೇಡ ಎಂದು ಪತ್ರ ಬರೆಸಿ ಎಂದು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆ ಮಾತೆತ್ತಲಿಲ್ಲ. ಟ್ರಂಕು ಮಂಚದ ಕೆಳಗಿತ್ತು. ತುಂಬಿತ್ತೋ ಖಾಲಿಯಿತ್ತೋ, ಎಳೆದು ನೋಡುವ ಧೈರ್ಯವೂ ಆಗಲಿಲ್ಲ.

ಭಾನುವಾರ ಅತ್ತೆ ರೊಟ್ಟಿ ಬಡಿದರು, ನಾನು ಕೆಂಡ ನೋಡಿಕೊಂಡೆ. ಹಂಚಿನ ಮೇಲೆ ಎರಡೂ ಕಡೆ ಬೆಂದ ರೊಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದರೆ ಅದು ಪೂರಾ ಉಬ್ಬಿ ನಿಂತಿತು. ಸುಟ್ಟ ಬದನೆಕಾಯಿಯನ್ನು ಉಪ್ಪು, ಹಸಿಮೆಣಸು ಹಾಕಿ ಕಿವುಚಿದ್ದೆ. ಮೊದಲ ರೊಟ್ಟಿಯನ್ನು ಅತ್ತೆ ಎರಡು ಮಾಡಿ, ಅರ್ಧ ನನ್ನ ಕೈಗಿಟ್ಟು, ಅರ್ಧ ತಾವು ತಿಂದರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಅವರು ಅಗಿಯುವುದನ್ನು ನೋಡುತ್ತ ನನ್ನ ಅರ್ಧ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಭಾವ ಹಿತ್ತಿಲಿಗೇ ಬಂದರು. ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದು ಬಂದ ದಣಿವಿತ್ತು ಮುಖದಲ್ಲಿ. "ಅವ್ವಾ, ಟ್ರಂಕ ಕಟ್ಟಿ ಇಟ್ಟೀಯೇನ? ಸಂಜೀ ಗಾಡಿಗೇ ಹೋಗಬೇಕು" ಎಂದರು.

ಅತ್ತೆ ತಲೆ ಎತ್ತಲಿಲ್ಲ. ಹಿಟ್ಟಿನ ಉಂಡೆ ತಟ್ಟುತ್ತಲೇ, "ಕೈಕಾಲು ತೊಳಕೊಂಡ ಬಾ. ಬಿಸಿ ರೊಟ್ಟಿ ಅವ, ಉಂಡು ಹೋಗು" ಎಂದರು.

ಉಂಡು ಹೋಗೂಣು, ಇಬ್ಬರೂ ಹೋಗೋಣ, ಎನ್ನಲಿಲ್ಲ; ನೀನು ಹೋಗು ಎಂದರು. ಅವರ ಕಡೆಯ ಕನ್ನಡ ನನಗೆ ಇನ್ನೂ ಪೂರ್ತಿ ಬರುತ್ತಿರಲಿಲ್ಲ, ಆದರೆ ಇದು ತಿಳಿಯಿತು. ಭಾವನಿಗೂ ತಿಳಿಯಿತು, ತಾಯಿಯನ್ನೂ ನನ್ನನ್ನೂ ಒಮ್ಮೆ ನೋಡಿ ಬಾವಿಯ ಕಡೆ ಹೋದರು. ನಾನು ಬೀಸಣಿಗೆ ಎತ್ತಿಕೊಂಡು ಕೆಂಡಕ್ಕೆ ಬೇಕಿಲ್ಲದಷ್ಟು ಗಾಳಿ ಹಾಕಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.