ಗಾಡಿಯ ಮೇಲೆ ಆಯಿ

ನಮ್ಮ ಮನೆಯಿಂದ ಜಹೀರಾಬಾದಿಗೆ ಬೈಕಿನಲ್ಲಿ ಹೊರಡುವವರು ಮೊದಲು ಪೆಟ್ರೋಲ್ ನೋಡುತ್ತಿರಲಿಲ್ಲ, ಆಯಿ ತಯಾರಾಗಿದ್ದಾಳೋ ಇಲ್ಲವೋ ನೋಡುತ್ತಿದ್ದರು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಆಕೆಗೆ ಪೇಟೆಯಲ್ಲಿ ಕೆಲಸವೇನೂ ಇರುತ್ತಿರಲಿಲ್ಲ. ಗಾಡಿಯ ಮೇಲೆ ಕೂಡುವುದೇ ಆಕೆಯ ಕೆಲಸ. ನಾವು ಬೀಜದ ಅಂಗಡಿಯೋ ಔಷಧದ ಅಂಗಡಿಯೋ, ಅದರ ಎದುರೇ ಬೈಕು ನಿಲ್ಲಿಸಿ, ಆಯಿಯನ್ನು ಸೀಟಿನ ಮೇಲೆ ಬಿಟ್ಟು ಒಳಗೆ ನಡೆಯುತ್ತಿದ್ದೆವು. ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹ್ಯಾಂಡಲ್ ಹಿಡಿದು, ಎಲ್ಲಿಗೂ ಹೋಗದ ಸವಾರಿ ಮಾಡುತ್ತಿದ್ದಳು.

ಕಾರಣ ಇಷ್ಟೇ. ಪೇಟೆಯ ದೊಡ್ಡ ರಸ್ತೆಯ ಎರಡೂ ಬದಿಗೆ ಬಿಳಿ ಗೆರೆ ಎಳೆದಿದ್ದಾರೆ. ಗೆರೆಯ ಒಳಗೆ ಅಂಗಡಿಯವರ ಗಾಡಿಗಳೇ ಬೆಳಗಿನಿಂದ ಬೇರು ಬಿಟ್ಟಿರುತ್ತವೆ. ಗೆರೆಯ ಹೊರಗೆ ನಿಲ್ಲಿಸಿದರೆ ಪೊಲೀಸರು ನಂಬರ್ ಪ್ಲೇಟಿನ ಫೋಟೊ ಹೊಡೆಯುತ್ತಾರೆ, ಮನೆ ಮುಟ್ಟುವುದರೊಳಗೆ ಫೋನಿಗೆ ದಂಡ ಬಂದು ಕೂತಿರುತ್ತದೆ. ಮಾರ್ಕೆಟಿನ ಹಿಂದೆ ದುಡ್ಡು ಕೊಟ್ಟು ಬಿಡುವ ಗಾಡಿ ಸ್ಟ್ಯಾಂಡ್ ಇದೆ. ಹತ್ತು ರೂಪಾಯಿ. ಅಪ್ಪನ ತಮ್ಮ, ನನ್ನ ಕಾಕಾನಿಗೆ ಹತ್ತು ರೂಪಾಯಿ ಭಾರವಲ್ಲ, ಅಷ್ಟನ್ನು ಅವನು ಚಹಾದಲ್ಲೇ ಕುಡಿದು ಮುಗಿಸುತ್ತಾನೆ. ಭಾರವಾಗುವುದು ತತ್ವ.

“ಓಡಾಕ ರೊಕ್ಕ ಕೇಳ್ರಿ, ಪೆಟ್ರೋಲ್ ಹಾಕ್ತೀನಿ. ಸುಮ್ನ ನಿಂದ್ರಾಕೂ ರೊಕ್ಕಾ? ನಾಳೆ ನಾ ನಿಂತ್ರೂ ಚೀಟಿ ಹರೀತಾರ ಈ ಮಂದಿ.”

ನಾವು ಕುರಿ ಕಾಯುವವರು, ಕನ್ನಡ-ತೆಲುಗು ಗಡಿಯ ಮೊಗುಡಂಪಲ್ಲಿಯ ಕಡೆಯವರು. ನಮ್ಮಲ್ಲಿ ಹಿಂಡಿನ ಹತ್ತಿರ ಒಬ್ಬ ಮನುಷ್ಯ ಕೂತಿದ್ದರೆ ಅದು ಮೇಯುವ ಹಿಂಡು, ಯಾರೂ ಕೇಳುವುದಿಲ್ಲ. ಯಾರೂ ಇಲ್ಲದಿದ್ದರೆ ಅದು ಬಿಟ್ಟ ಹಿಂಡು, ಯಾರು ಬೇಕಾದರೂ ಹೊಡೆದುಕೊಂಡು ಹೋಗಿ ದೊಡ್ಡಿಗೆ ಹಾಕಬಹುದು. ಕಾಕಾ ಈ ಕಾಯಿದೆಯನ್ನೇ ಬೈಕಿಗೆ ಹಚ್ಚಿದ್ದ. ಮೇಲೆ ಮನುಷ್ಯ ಇದ್ದರೆ ಆ ಗಾಡಿ ಪಾರ್ಕಿಂಗ್ ಆಗಿಲ್ಲ, ದಣಿವಾರಿಸಿಕೊಳ್ಳುತ್ತಿದೆ. ತಮಾಷೆ ಎಂದರೆ, ಇಷ್ಟು ವರ್ಷ ಒಂದು ದಂಡವೂ ಬಿದ್ದಿರಲಿಲ್ಲ. ಊರಿನ ಉಳಿದವರೂ ನೋಡಿ ಕಲಿತರು. ವಾರದ ಸಂತೆಯ ದಿನ ಆ ರಸ್ತೆಯಲ್ಲಿ ನಮ್ಮ ಊರಿನ ಅರ್ಧ ಮುದುಕರು ಸಾಲಾಗಿ ಬೈಕುಗಳ ಮೇಲೆ ಕೂತಿರುತ್ತಿದ್ದರು, ಇನ್ನೇನು ರೇಸ್ ಶುರುವಾಗುತ್ತದೆ ಎಂಬಂತೆ.

ಆಯಿಗೆ ಬೇಕಾದ ಸೀರೆಯನ್ನೂ ಆಯಿ ಹೀಗೇ ಕೊಳ್ಳುತ್ತಿದ್ದಳು. ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ನಿಂತು ದೂರದಿಂದಲೇ ಒಂದನ್ನು ಎತ್ತಿ ತೋರಿಸುತ್ತಿದ್ದ. ಆಯಿ ಬೈಕಿನಿಂದ “ಹೂಂ, ನಡೀತದ” ಅನ್ನುತ್ತಿದ್ದಳು. ಕಾಕಾ ಆರಿಸುವುದು ಹೊಲಸು ಕಾಣದ ಬಣ್ಣ. ಹಾಗಾಗಿ ಆಯಿಯ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಒಂದೋ ಹೊಲದ ಮಣ್ಣಿನ ಬಣ್ಣ, ಇಲ್ಲವೇ ಕುರಿಯ ಬೆನ್ನಿನ ಬಣ್ಣ.

ಅಕ್ಕನ ಮದುವೆ ಗೊತ್ತಾದ ವಾರ ಆಯಿ ಊಟದ ನಡುವೆ ತಣ್ಣಗೆ ಹೇಳಿದಳು: “ಈ ಸಲ ನನ್ನ ಸೀರಿ ನಾ ಆರಸ್ತೀನಿ. ಒಳಗ ಕೂತು, ಬಿಚ್ಚಿಸಿ ನೋಡಿ ತಗೋತೀನಿ.”

ಕಾಕಾನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಮತ್ತ ಗಾಡಿ ಮ್ಯಾಲ ಯಾರು ಕೂಡ್ತಾರವ್ವ?”

“ಗಾಡಿ ನಿಂದು. ನೀ ಕೂಡು.”

“ನಾ ಇಲ್ಲಂದ್ರ ಚೌಕಾಸಿ ಯಾರು ಮಾಡ್ತಾರ? ನಿನಗ ಟೊಪ್ಪಿಗಿ ಹಾಕಿ ಕಳಿಸ್ತಾರ ಅವರು.”

“ಹಾಕಲಿ. ಆ ಅಂಗಡಿ ಮುಂದ ಕೂತು ಕೂತು ನನ್ನ ಸೊಂಟ ಸವೆದದ. ಒಳಗ ಗಾದಿ ಹಾಸ್ಯಾರೋ ಚಾಪಿ ಹಾಸ್ಯಾರೋ ಇನ್ನೂ ಗೊತ್ತಿಲ್ಲ ನನಗ. ಮೊಮ್ಮಗಳ ಮದುವ್ಯಾಗೂ ಕುರಿ ಬಣ್ಣದ್ದೇ ಉಡಬೇಕಂದ್ರ ನಾ ಮಂಟಪಕ್ಕ ಬರಲ್ಲ. ಹೊರಗ ನಿನ್ನ ಗಾಡಿ ಮ್ಯಾಲೇ ಕೂಡ್ತೀನಿ, ಅಕ್ಕಿಕಾಳು ಅಲ್ಲಿಗೇ ತಂದು ಕೊಡ್ರಿ.”

ಆಯಿ ಹೇಳಿದರೆ ಹೇಳಿದ ಹಾಗೆ ಮಾಡುವವಳು. ಮನೆಯವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವನಿಗೆ ಬೈಕಿನ ಮೇಲೆ ಕೂಡುವುದೇನು ಕಷ್ಟ ಎಂಬ ಅರ್ಥ ಆ ನೋಟದಲ್ಲಿತ್ತು. ಅಪ್ಪ ಮಾತ್ರ ಅನುಮಾನಪಟ್ಟ. “ಇವಗ ಸುಮ್ನ ಕೂಡಾಕ ಬರ್ತದೇನು?”

ಬರುವುದಿಲ್ಲ. ನನಗೆ ಇನ್ನೊಬ್ಬರ ದನಿ ತೆಗೆಯುವ ಚಟ. ಕಾಕಾ ಕೆಮ್ಮುವುದು, ಪಕ್ಕದ ಮನೆಯವಳು ಮಗನನ್ನು ಕರೆಯುವುದು, ನಮ್ಮ ಟಗರು ಸಿಟ್ಟಾಗುವುದು, ಎಲ್ಲ ಬರುತ್ತದೆ. ನನ್ನ ಸ್ವಂತ ದನಿ ಮಾತ್ರ ಅಷ್ಟಕ್ಕಷ್ಟೆ. ಒಮ್ಮೆ ಧೈರ್ಯ ಮಾಡಿ ಒಬ್ಬ ಹುಡುಗಿಗೆ ಫೋನ್ ಹಚ್ಚಿದರೆ, “ಮನ್ಯಾಗ ದೊಡ್ಡೋರು ಯಾರರ ಇದ್ರ ಕೊಡಪಾ” ಅಂದಳು.

ಮೂವರು ಒಂದೇ ಬೈಕಿನಲ್ಲಿ ಹೋದರೆ ಅದಕ್ಕೆ ಬೇರೆ ದಂಡ. ಹಾಗಾಗಿ ಕಾಕಾ, ಆಯಿ ಬೈಕಿನಲ್ಲಿ ಹೋದರು, ನಾನು ಶೇರ್ ಆಟೋದಲ್ಲಿ ಯಾರದೋ ತೊಗರಿ ಚೀಲದ ಮೇಲೆ ಕೂತು ಹೋದೆ. ಸೀರೆ ಅಂಗಡಿಯ ಎದುರು, ಗೆರೆಯ ಹೊರಗೆ, ನಮ್ಮ ಬೈಕು ನಿಂತಿತು. ಆಯಿ ಇಳಿದಳು, ನಾನು ಏರಿದೆ. ಚಪ್ಪಲಿ ಬಿಟ್ಟು ಅಂಗಡಿಯ ಮೆಟ್ಟಿಲು ಹತ್ತುವಾಗ ಆಯಿ ಒಮ್ಮೆ ತಿರುಗಿ ನೋಡಿದಳು. “ಹ್ಯಾಂಡಲ್ ಬಿಡಬ್ಯಾಡ ಮತ್ತ,” ಅಂದಳು, ಕೆಲಸ ಬಿಟ್ಟು ಹೋಗುವ ಹಿರಿಯ ನೌಕರರ ಹಾಗೆ.

ಸ್ವಲ್ಪ ಹೊತ್ತು ನಾನು ನಿಜವಾಗಿ ಸುಮ್ಮನೆ ಕೂತೆ. ಸೀಟು ಕಾದ ಹೆಂಚಾಗಿತ್ತು. ಆಯಿ ಇದರ ಮೇಲೆ ಗಂಟೆಗಟ್ಟಲೆ ಹೇಗೆ ಕೂಡುತ್ತಾಳೋ ಎಂದು ಮೊದಲ ಸಲ ಯೋಚಿಸಿದೆ. ಯೋಚನೆ ನನಗೆ ಒಗ್ಗುವುದಿಲ್ಲ, ಬೇಗ ಬೇಸರ ಬರುತ್ತದೆ. ಆ ರಸ್ತೆಯಲ್ಲಿ ಒಬ್ಬ ಪೊಲೀಸ ಮೈಕು ಹಿಡಿದು ತಿರುಗುತ್ತಾನೆ. ಅವನೂ ಗಡಿಯವನೇ. ದಂಡದ ಮಾತು ತೆಲುಗಿನಲ್ಲಿ, ಬೈಗುಳ ದಖನಿ ಉರ್ದುವಿನಲ್ಲಿ, ಕಷ್ಟಸುಖ ಕನ್ನಡದಲ್ಲಿ. ನಾನು ಎರಡೂ ಕೈ ಬಾಯಿಗೆ ಬೊಗಸೆ ಹಿಡಿದು, ಮೂಗಿನಿಂದ ಸ್ವಲ್ಪ ಗರಗರ ಸೇರಿಸಿ, ಮೆಲ್ಲಗೆ ಎಂದುಕೊಂಡು ಅವನ ದನಿಯಲ್ಲಿ ಜೋರಾಗಿಯೇ ಬಿಟ್ಟೆ: “ಲೈನ್ ಬಯಟ ಉನ್ನ ಬಂಡ್ಲು ತೀಯಂಡಿ.” ಗೆರೆಯ ಹೊರಗಿನ ಗಾಡಿ ತೆಗೆಯಿರಿ ಎಂದು.

ರಸ್ತೆಯೇ ಎದ್ದು ಬಂತು. ಹೋಟೆಲಿನಿಂದ ಒಬ್ಬ ಬಜ್ಜಿ ಕಚ್ಚಿಕೊಂಡು ಓಡಿ ಬಂದ. ಕ್ಷೌರದ ಅಂಗಡಿಯಿಂದ ಒಬ್ಬ ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಟ್ಟೆ ಸಮೇತ ಬಂದು ಸ್ಕೂಟಿ ಹತ್ತಿಬಿಟ್ಟ. ಸೀರೆ ಅಂಗಡಿಯಿಂದ ಗಂಡಸರೆಲ್ಲ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ಹೊರಬಿದ್ದರು. ಅವರ ಮುಂದಾಳು ನನ್ನ ಕಾಕಾ. ಗಾಬರಿಯಲ್ಲಿ ಅವನಿಗೆ ಬೈಕಿನ ಮೇಲೆ ನಾನಿರುವುದೂ ಕಾಣಲಿಲ್ಲ, ಕಂಡರೂ ನಂಬಿಕೆ ಬರಲಿಲ್ಲ. ತಿರುಗಿ ಅಂಗಡಿಯೊಳಗೆ ಕೂಗಿದ:

“ಅವ್ವಾ, ಲಗೂ ಬಾ. ಪೊಲೀಸರು ಬಂದಾರ. ಗಾಡಿ ಮ್ಯಾಲ ಕೂಡು ಬಾ.”

ಬಾಗಿಲಿನಿಂದ ನನಗೆ ಆಯಿ ಕಾಣುತ್ತಿದ್ದಳು. ಗಾದಿಯ ಮೇಲೆ ಕೂತಿದ್ದಳು, ಭುಜದ ಮೇಲೆ ಒಂದು ಹೊಸ ಸೆರಗು, ಮುಂದೆ ಬಿಚ್ಚಿದ ಸೀರೆಗಳ ಗುಡ್ಡ. ಕೂಗು ಕೇಳಿದ್ದೇ ಮೊಣಕಾಲಿಗೆ ಕೈ ಊರಿ ಅರ್ಧ ಎದ್ದಳು. ಇಷ್ಟು ವರ್ಷದ ರೂಢಿ, ಕಾಲು ತಾನೇ ಎದ್ದಿತು. ನನ್ನ ನಗು ಅಲ್ಲೇ ಇಂಗಿತು. ಈಗ ಹೊರಗೆ ಬಂದಳೆಂದರೆ ಕಾಕಾ ಮತ್ತೆ ಮೆಟ್ಟಿಲ ಮೇಲೆ ನಿಂತು ಮಣ್ಣಿನ ಬಣ್ಣದ್ದೊಂದು ಎತ್ತಿ ತೋರಿಸುತ್ತಾನೆ, ಅಲ್ಲಿಗೆ ಮುಗಿಯಿತು.

ಆಯಿ ಆ ಸೆರಗನ್ನು ನೋಡಿದಳು. ಮತ್ತೆ ಕೂತಳು. “ಬರಲಿ ತಗೋ,” ಅಂದಳು. ಅಂಗಡಿಯವನ ಕಡೆ ತಿರುಗಿ, “ನೀ ಯಾಕ ನಿಲ್ಲಿಸ್ದಿ? ಆ ಮ್ಯಾಲಿಂದು ತೆಗಿ.”

ಅಷ್ಟರಲ್ಲಿ ಗದ್ದಲ ಕೇಳಿ ನಿಜವಾದ ಪೊಲೀಸ ಬಂದ. ಅವನು ಕೇಳುವ ಮೊದಲೇ ಇಡೀ ರಸ್ತೆ ನನ್ನತ್ತ ಕೈ ತೋರಿಸಿತು. ನೊರೆಯ ಮುಖದವನು ಎರಡೂ ಕೈ ತೋರಿಸಿದ.

“ನನ್ನ ದನಿ ತೆಗದವ ನೀನೇನು? ಇನ್ನೊಮ್ಮೆ ತೆಗಿ.”

ತೆಗೆದೆ. ಹೆದರಿಕೆಗೆ ಪೊಲೀಸನ ದನಿ ಹೋಗಿ ಹಸಿದ ಕುರಿಮರಿಯ ದನಿ ಬಂತು.

“ಬರೂದಿಲ್ಲ ನಿನಗ. ನಾ ಯಾವಾಗ ‘ತೀಯಂಡಿ’ ಅಂದೀನಿ? ಅಷ್ಟು ಮರ್ಯಾದಿ ಕೊಟ್ರ ಈ ಮಂದಿ ಗಾಡಿ ತೆಗೀತಾರೇನು? ‘ತಿಯ್’ ಅಂತೀನಿ, ಅಷ್ಟೇ.” ಆಮೇಲೆ ಬೈಕಿನ ಹಿಂದೆ ಹೋಗಿ ಫೋನು ತೆಗೆದ.

ಕಾಕಾ ಅಡ್ಡ ಬಂದ. “ಏ ಸಾಹೇಬ್ರ, ಮ್ಯಾಲ ಮನುಷ್ಯಾ ಕೂತಾನಲ್ರಿ. ಮನುಷ್ಯಾ ಇದ್ರ ಅದು ಪಾರ್ಕಿಂಗ್ ಅಲ್ಲ.”

“ಯಾರು ಹೇಳ್ಯಾರ?”

“ಮೊದಲಿಂದ ಹಂಗೇ ನಡದದಲ್ರಿ. ಒಮ್ಮೆಯೂ ಹಿಡದಿಲ್ಲ ನೀವು.”

“ಕಾಕಾ, ಗೆರಿ ದಾಟಿದ್ರ ದಾಟಿದಂಗ. ಮ್ಯಾಲ ಮನುಷ್ಯಾ ಕೂಡಲಿ, ಮಂತ್ರಿ ಕೂಡಲಿ. ಬಿಸಿಲಾಗ ಆ ಮುದುಕಿ ಕೂತಿರ್ತಿದ್ಲು. ‘ನೆಳ್ಳಿಗೆ ನಿಂದ್ರಪಾ, ತಲಿ ಸುಡ್ತದ’ ಅಂತ ನನಗೇ ಹೇಳ್ತಿದ್ಲು. ಆಕಿನ ಇಳಿಸಿ ಫೋಟೊ ಹೊಡೀಲೇನು? ಮನಸ್ಸು ಬರಲಿಲ್ಲ, ಬಿಟ್ಟೆ.” ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಇವನ್ನ ನೋಡಿ ಮನಸ್ಸು ಕರಗೂ ಅಂಥದ್ದು ಏನದ?”

ಫೋಟೊ ಹೊಡೆದ. ಕಾಕಾನ ಮುಖ ನೋಡುವ ಹಾಗಿರಲಿಲ್ಲ, ನಾನು ಮಾತ್ರ ಮುಂದೆ ನಕಲಿಗೆ ಬೇಕಾದೀತೆಂದು ಚೆನ್ನಾಗಿ ನೋಡಿಕೊಂಡೆ. ಅವನ ತತ್ವವನ್ನು ಆಯಿ ಇಷ್ಟು ವರ್ಷ ಸೊಂಟದ ಬಲದ ಮೇಲೆ ನಡೆಸಿದ್ದಳು. ಗಾಡಿ ಸ್ಟ್ಯಾಂಡಿಗೆ ಹೋಗುವವರೆಗೂ ಕಾಕಾ ನನ್ನನ್ನು ಬೈದ. ಅಲ್ಲಿ ಚೀಟಿ ಹರಿದುಕೊಟ್ಟವನನ್ನೂ ಬೈದ, ಅವನು ರೂಢಿಯಾದವನಂತೆ ಕೇಳಿಸಿಕೊಂಡ.

ನಾವು ತಿರುಗಿ ಬರುವಷ್ಟರಲ್ಲಿ ಆಯಿಯ ವ್ಯಾಪಾರ ಮುಗಿದಿತ್ತು. ಅಂಗಡಿಯವನು ತರಿಸಿದ ಚಹಾ ಕುಡಿಯುತ್ತಾ ಕೂತಿದ್ದಳು. ಬದನೆಕಾಯಿ ಬಣ್ಣದ ಸೀರೆ, ಅರಿಶಿನದ ಅಂಚು. ಕಾಕಾ ಬೆಲೆ ಕೇಳಿದ, ಅವನು ಇಳಿಸಬಹುದಾಗಿದ್ದಕ್ಕಿಂತ ಕಡಿಮೆಯೇ ಇತ್ತು. ಅದಕ್ಕೇ ಹೆಚ್ಚು ಸಿಟ್ಟು ಬಂತೇನೋ. “ಈ ವಯಸ್ಸಿಗೆ ಈ ಬಣ್ಣ ಏನವ್ವ?” ಅಂದ.

“ನಿನ್ನ ವಯಸ್ಸಿಗೆ ಆಗೂದಿಲ್ಲ. ನನಗ ಆಗ್ತದ.”

ಹೊರಗೆ ಬಂದು ಚಪ್ಪಲಿ ಮೆಟ್ಟಿ, ಬೈಕಿದ್ದ ಜಾಗ ನೋಡಿದಳು. “ಗಾಡಿ ಎಲ್ಲಿ?”

“ಸ್ಟ್ಯಾಂಡಿನಾಗ ಬಿಟ್ಟೀವಿ, ರೊಕ್ಕ ಕೊಟ್ಟು,” ಎಂದ ಕಾಕಾ. “ಯಾರೂ ಮ್ಯಾಲ ಕೂಡೂದು ಬ್ಯಾಡಂತ.”

ಆಯಿ ಸೀರೆಯ ಚೀಲ ಕಂಕುಳಿಗೆ ಒತ್ತಿಕೊಂಡು ನಡೆದಳು. ಸ್ಟ್ಯಾಂಡಿನ ದಾರಿ ಮಾರ್ಕೆಟಿನ ನಡುವೆಯೇ ಹಾಯುತ್ತದೆ. ಬಳೆ ಅಂಗಡಿ ಬಂತು, ಆಯಿ ನಿಂತಳು. ನಿಂತವಳು ಒಳಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತು, ಕೈ ಮುಂದೆ ಮಾಡಿದಳು.

“ಅವ್ವ, ಹೊತ್ತಾತು, ಗಾಡಿ ಅಲ್ಲಿ ಒಂಟಿ ನಿಂತದ,” ಎಂದ ಕಾಕಾ ಬಾಗಿಲಲ್ಲಿ ನಿಂತು.

“ಇರಲಿ ಬಿಡು. ಕೂಡಾಕ ರೊಕ್ಕ ತಗೊಂಡಾರಲ್ಲ, ಅವರೇ ಕೂಡ್ತಾರ,” ಎಂದು ಆಯಿ ಬಳೆಯವನಿಗೆ ಹಸಿರು ಗಾಜಿನವನ್ನು ತೋರಿಸಲು ಹೇಳಿದಳು.